ಹೊಸ ಲಾರಿಯ ಇಂಜಿನ್ ಪಳಗಿಸುವ ಬಗೆ

(ಲಾರಿ ಮಾಲೀಕರು ಮತ್ತು ಚಾಲಕರಿಗಾಗಿ ಮಾಡಿದ ಭಾಷಣ)



ಸೇಡಂ, ಚಿತ್ತಾಪುರ, ಚಿಂಚೋಳಿಗಳ ತೊಗರಿ, ಶಹಾಬಾದದ ಫರ್ಸಿ, ವಾಡಿಯ ಸಿಮೆಂಟು ಇವು ಪೇಟೆ ಸೇರಬೇಕಾದರೆ ಲಾರಿ ಬೇಕೇ ಬೇಕು. ಆದುದರಿಂದ ನಮ್ಮ ಭಾಗದಲ್ಲಿ ಸಾಲ ಮಾಡಿ ಲಾರಿ ಕೊಳ್ಳುವವರು ಬಹಳ. ಕಂತಿನ ಚಿಂತೆಯಿಂದ ಕೆಲವರು ಗಾಡಿ ಬಂದ ದಿನವೇ ತಲೆಮಟ್ಟ ಕಲ್ಲು ಹೇರಿಸುತ್ತಾರೆ. ಇನ್ನು ಕೆಲವರು ಹೊಸದೆಂಬ ಮಮತೆಯಿಂದ ಖಾಲಿ ಗಾಡಿಯನ್ನೇ ಮೆಲ್ಲಗೆ ತಿರುಗಿಸುತ್ತಾರೆ. ಇವೆರಡೂ ಇಂಜಿನಿಗೆ ಒಳ್ಳೆಯದಲ್ಲ.

ಹೊಸ ಹೋರಿಯನ್ನು ನೊಗಕ್ಕೆ ಕಟ್ಟಿದ ದಿನವೇ ಎರೆಹೊಲದಲ್ಲಿ ದೊಡ್ಡ ನೇಗಿಲು ಎಳೆಸುವ ರೈತನಿಲ್ಲ. ಹಾಗೆಂದು ಕೊಟ್ಟಿಗೆಯಲ್ಲೇ ಮೇಯಿಸಿದರೆ ಅದು ಕೆಲಸ ಕಲಿಯುವುದೂ ಇಲ್ಲ. ಇಂಜಿನಿನ ಒಳಗೂ ಇದೇ ಸ್ಥಿತಿ. ಸಿಲಿಂಡರಿನ ಒಳಗೋಡೆಯ ಮೇಲೆ ಎಣ್ಣೆ ನಿಲ್ಲಲೆಂದು ಕಾರ್ಖಾನೆಯವರು ಅಡ್ಡಡ್ಡ ಸಣ್ಣ ಗೆರೆಗಳನ್ನು ಕೊರೆದಿರುತ್ತಾರೆ. ಪಿಸ್ಟನ್ನಿನ ರಿಂಗುಗಳು ಈ ಗೋಡೆಗೆ ಉಜ್ಜಿ ಉಜ್ಜಿ ಹೊಂದಿಕೊಳ್ಳಬೇಕು. ಅವುಗಳನ್ನು ಗೋಡೆಗೆ ಒತ್ತಿ ಹಿಡಿಯುವುದು ಉರಿಯುವ ಅನಿಲದ ಒತ್ತಡ. ಹೊರೆಯಿಲ್ಲದೆ ಓಡಿಸಿದರೆ ಆ ಒತ್ತಡ ಸಾಲದು. ಎಣ್ಣೆ ಗೋಡೆಯ ಮೇಲೆ ಸುಟ್ಟು ಗಾಜಿನಂತೆ ನುಣುಪಾಗುತ್ತದೆ, ರಿಂಗು ಕೂಡುವುದೇ ಇಲ್ಲ. ಮಿತಿಮೀರಿ ಹೊರೆ ಹಾಕಿದರೆ ಎಣ್ಣೆಯ ತೆಳುಪೊರೆ ಹರಿದು ಲೋಹಕ್ಕೆ ಲೋಹ ತಾಗಿ ಗೀರು ಬೀಳುತ್ತದೆ. ಎರಡರ ಫಲವೂ ಒಂದೇ: ಇಂಜಿನ್ ಮುಂದೆ ಎಣ್ಣೆ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ಏರಿನಲ್ಲಿ ಎಳೆಯದು. ಬೋರ್ ಮಾಡಿಸುವ ಖರ್ಚು ಕಂತು ತೀರುವ ಮೊದಲೇ ಬಂದು ನಿಲ್ಲುತ್ತದೆ.

ಕಂಪನಿಯ ಕೈಪಿಡಿ ಎಷ್ಟು ಕಿಲೋಮೀಟರ್ ಹೇಳಿದೆಯೋ ಅಷ್ಟು ದೂರ, ಅದು ಹೇಳದಿದ್ದರೆ ಮೊದಲ 2,000 ಕಿ.ಮೀ. ವರೆಗಾದರೂ, ಅರ್ಧದಿಂದ ಮುಕ್ಕಾಲು ಹೊರೆಯಲ್ಲಿ ಓಡಿಸಿರಿ. ಫರ್ಸಿ ಹೇರುವವರು ಲೆಕ್ಕ ಹಿಡಿಯುವುದು ಚದರಡಿಯಲ್ಲಿ, ಇಂಜಿನ್ ಎಳೆಯುವುದು ಟನ್ನಿನಲ್ಲಿ. ಒಂದು ಅಂಗುಲ ದಪ್ಪದ ಕಲ್ಲು 100 ಚದರಡಿಗೆ 600 ಕಿಲೋ ಮೀರುತ್ತದೆ. 1,000 ಚದರಡಿ ಎಂದರೆ ಆರು ಟನ್ನಿಗೂ ಮೇಲೆ. 2018ರಲ್ಲಿ ಆರು ಚಕ್ರದ ಲಾರಿಯ ಮಿತಿಯನ್ನು ಗಾಡಿ ಮತ್ತು ಸರಕು ಸೇರಿ 16.2ರಿಂದ 18.5 ಟನ್ನಿಗೆ ಏರಿಸಿದರು. ಅದು ಪಳಗಿದ ಗಾಡಿಯ ಮಿತಿಯೆಂದು ತಿಳಿಯಿರಿ.

ವೇಗವನ್ನು ಆಗಾಗ್ಗೆ ಬದಲಿಸುತ್ತಿರಿ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ. ಚಿಂಚೋಳಿಯಿಂದ ಕೊಂಚಾವರದ ಗುಡ್ಡ ಏರುವಾಗ ಇಂಜಿನ್ ಏದುಸಿರು ಬಿಡುವವರೆಗೆ ಮೇಲಿನ ಗೇರಿನಲ್ಲಿ ಎಳೆಸದೆ, ಮೊದಲೇ ಕೆಳಗಿನ ಗೇರಿಗೆ ಬನ್ನಿರಿ. ಬೆಳಿಗ್ಗೆ ಪೂಜೆ ಮುಗಿದು ಚಹಾ ಆಗುವವರೆಗೆ ಇಂಜಿನನ್ನು ಸುಮ್ಮನೆ ಉರಿಯಬಿಡುವ ಪದ್ಧತಿ ಬೇಡ. ಚಕ್ರದ ಕೆಳಗೆ ನಿಂಬೆಹಣ್ಣು ಇಡಿ, ಕಾಯಿ ಒಡೆಯಿರಿ, ನನ್ನದೇನೂ ತಕರಾರಿಲ್ಲ. ಇಂಜಿನನ್ನು ಮಾತ್ರ ಅದಾದ ಮೇಲೆ ಚಾಲೂ ಮಾಡಿರಿ. ಎಣ್ಣೆಯ ಒತ್ತಡ ಬಂದ ಮೇಲೆ ನಿಧಾನವಾಗಿ ಹೊರಡಬಹುದು. ಹೊರೆ ಎಳೆದು ಬಂದು ನಿಲ್ಲಿಸುವಾಗ ಮಾತ್ರ ಎರಡು ಮೂರು ನಿಮಿಷ ನಿಧಾನವಾಗಿ ಉರಿಯಲು ಬಿಡಿ, ಟರ್ಬೋ ತಣ್ಣಗಾಗಬೇಕು.

ಇನ್ನು ನಮ್ಮ ನೆಲದ್ದೇ ಆದ ಎರಡು ಪೀಡೆಗಳು: ದೂಳು ಮತ್ತು ಸುಣ್ಣದ ನೀರು.

ಸುಣ್ಣದಕಲ್ಲು ಮೆತ್ತಗಿನದು; ಆದರೆ ರಸ್ತೆಯ ದೂಳಿನಲ್ಲಿ ಬೆರೆತ ಮರಳಿನ ಕಣ ಕಬ್ಬಿಣವನ್ನೂ ತೇಯುತ್ತದೆ. ಏರ್ ಫಿಲ್ಟರು ಸರಿಯಿದ್ದರೂ, ಅದರಿಂದ ಇಂಜಿನಿಗೆ ಹೋಗುವ ರಬ್ಬರು ಕೊಳವೆಯ ಕ್ಲಿಪ್ಪು ಸಡಿಲವಾಗಿದ್ದರೆ ದೂಳು ನೇರ ಒಳಗೆ ಹೋಗುತ್ತದೆ. ದಿನಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿರಿ. ಫಿಲ್ಟರನ್ನು ನೆಲಕ್ಕೆ ಬಡಿಯಬೇಡಿ. ಕಾಗದ ಸೀಳುತ್ತದೆ, ಸೀಳಿದ್ದು ಕಣ್ಣಿಗೆ ಕಾಣುವುದಿಲ್ಲ.

ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ. ಅದೇ ಪೊರೆ ರೇಡಿಯೇಟರಿನಲ್ಲಿಯೂ ಕಟ್ಟುತ್ತದೆ, ಕಾವು ಹೊರಹೋಗಲು ಬಿಡುವುದಿಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಇದರಿಂದ ಹೆಡ್ ಗ್ಯಾಸ್ಕೆಟ್ ಸುಡಬಹುದು. ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿರಿ. ಕ್ಯಾನಿನಲ್ಲಿ ಒಂದಿಷ್ಟು ಗಾಡಿಯಲ್ಲೇ ಇರಲಿ, ದಾರಿಯ ಹಳ್ಳದ ನೀರಿನ ಪ್ರಮೇಯ ಬಾರದು.

2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಲಾರಿಗಳಲ್ಲಿ ಹೊಗೆ ಶುದ್ಧಿಗಾಗಿ ಯೂರಿಯಾ ದ್ರಾವಣದ ಬೇರೆ ಟ್ಯಾಂಕು ಇರುವುದುಂಟು. ಹೊಲಕ್ಕೆ ತಂದ ಯೂರಿಯಾವನ್ನು ನೀರಿನಲ್ಲಿ ಕದಡಿ ಅದಕ್ಕೆ ಸುರಿದರೆ ಹತ್ತಾರು ರೂಪಾಯಿ ಉಳಿದು ಸಾವಿರಗಟ್ಟಲೆ ಹಾನಿಯಾದೀತು. ಗೊಬ್ಬರದ ಯೂರಿಯಾದಲ್ಲಿ ಬೇವಿನೆಣ್ಣೆಯ ಲೇಪವಿದೆ, ಬೇರೆ ಕಲ್ಮಷಗಳೂ ಇವೆ.

ಮೊದಲ ಎಣ್ಣೆ ಬದಲಾವಣೆಯನ್ನು ಮುಂದೂಡಬೇಡಿ. ರಿಂಗು ಹೊಂದಿಕೊಳ್ಳುವಾಗ ತೇದ ಲೋಹದ ಪುಡಿಯೆಲ್ಲ ಆ ಎಣ್ಣೆಯಲ್ಲಿ ಇರುತ್ತದೆ. ಎಣ್ಣೆಯೊಂದಿಗೆ ಅದರ ಫಿಲ್ಟರನ್ನೂ ಬದಲಿಸಬೇಕು. ಡೀಸೆಲ್ ಫಿಲ್ಟರಿನ ಕೆಳಗೆ ನಿಂತ ನೀರನ್ನು ಕೈಪಿಡಿಯಲ್ಲಿ ಹೇಳಿದಂತೆ ಇಳಿಸಿರಿ. ಮಾಡಿದ ಕೆಲಸದ ದಿನಾಂಕ, ಕಿಲೋಮೀಟರ್ ಎರಡನ್ನೂ ಪುಸ್ತಕದಲ್ಲಿ ಬರೆಸಿರಿ. ಅದಿಲ್ಲದೆ ವಾರಂಟಿ ಕೇಳಲು ಹೋದರೆ ವಾದವೇ ಉಳಿಯುತ್ತದೆ.

ಚಕ್ರದ ನಟ್ಟುಗಳ ವಿಷಯ ಮರೆಯುವಂತಿಲ್ಲ. ಹೊಸ ಗಾಡಿಯ ನಟ್ಟುಗಳು ಮೊದಲ ಹೊರೆಯ ನಂತರ ಸಡಿಲಗೊಳ್ಳಬಹುದು. 50ರಿಂದ 100 ಕಿ.ಮೀ. ಓಡಿದ ಮೇಲೆ ಸಾಲಾಗಿ ಬಿಗಿಯದೆ, ಒಂದಕ್ಕೆದುರು ಒಂದರಂತೆ ಬಿಗಿಯಿರಿ. ಸಭೆ ಮುಗಿದೊಡನೆ ಹೊರಗೆ ನಿಂತಿರುವ ಹೊಸ ಗಾಡಿಯ ಮೇಲೆ ಇದನ್ನು ಮಾಡಿ ತೋರಿಸಲಾಗುವುದು. ಕ್ಲೀನರ್ ಹುಡುಗರು ಮುಂದೆ ನಿಲ್ಲಲಿ.