ಬೇಸಿಗೆಯ ಮೇವಿಗೆ ಮಳೆಗಾಲದಲ್ಲೇ ಸಿದ್ಧತೆ

(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಂತಹ ಮಳೆಯಾಶ್ರಿತ ಜಿಲ್ಲೆಗಳಲ್ಲಿ ಅನೇಕ ಸಂಸಾರಗಳ ದಿನದ ಖರ್ಚು ನಡೆಯುವುದು ಡೈರಿಗೆ ಹಾಕುವ ಹಾಲಿನಿಂದ. ರಾಗಿ ಕೈಕೊಟ್ಟರೂ ಹಸು ಕೈಬಿಡದು ಎಂಬ ನಂಬಿಕೆ ನಮ್ಮ ರೈತರದು. ಆದರೆ ಫೆಬ್ರವರಿ ಕಳೆಯುತ್ತಲೇ ಬದುಗಳು ಒಣಗಿ, ಕೊಳವೆ ಬಾವಿಯ ನೀರು ಇಳಿದು, ಹಸಿಮೇವು ಅರ್ಧಕ್ಕೆ ಬರುತ್ತದೆ. ಅದರ ಹಿಂದೆಯೇ ಹಾಲೂ ಇಳಿಯುತ್ತದೆ. ಹಸು ಸಕಾಲಕ್ಕೆ ಬೆದೆಗೆ ಬರುವುದಿಲ್ಲ. 2016 ಮತ್ತು 2023ರಂತಹ ಬರಗಾಲದ ವರ್ಷಗಳಲ್ಲಿ ಹಾಲು ಕೊಡುವ ಹಸುವನ್ನೇ ಸಂತೆಗೆ ಹೊಡೆಯಬೇಕಾದ ಸಂಕಟ ನಿಮಗೆ ತಿಳಿಯದ್ದಲ್ಲ. ಆ ಹೊತ್ತಿನಲ್ಲಿ ಮೇವು ಹುಡುಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಆದ್ದರಿಂದ ಇಂದು ಎರಡು ಹಸು ಸಾಕುವ ಸಣ್ಣ ರೈತನನ್ನು ಕಣ್ಣಮುಂದೆ ಇಟ್ಟುಕೊಂಡು ಮೇವಿನ ವಿಚಾರವನ್ನು ಹೇಳುತ್ತೇನೆ.

ಮೊದಲು ಲೆಕ್ಕ

ಸುಮಾರು 400 ಕಿಲೋ ತೂಗುವ ಮಿಶ್ರತಳಿ ಹಸುವಿಗೆ ದಿನಕ್ಕೆ 10ರಿಂದ 12 ಕಿಲೋ ಒಣಪದಾರ್ಥ ಬೇಕು. ಇದರಲ್ಲಿ ಮೂರನೆಯ ಎರಡು ಭಾಗ ಮೇವಿನಿಂದಲೇ ಬರಬೇಕು. ರೂಢಿಯ ಮಾತಿನಲ್ಲಿ ಹೇಳುವುದಾದರೆ 25 ಕಿಲೋ ಹಸಿಮೇವು ಮತ್ತು 5 ಕಿಲೋ ರಾಗಿ ಹುಲ್ಲು. ಉಳಿದದ್ದು ಹಾಲಿನ ಪ್ರಮಾಣಕ್ಕೆ ತಕ್ಕಂತೆ ಹಿಂಡಿ, ಬೂಸಾ ಅಥವಾ ಪಶು ಆಹಾರ. ಮೇವು ಕಡಿಮೆಯಾದಾಗ ನಾವು ಹಿಂಡಿ ಹೆಚ್ಚಿಸುತ್ತೇವೆ. ಹೀಗೆ ಮಾಡಿದರೆ ಹಾಲಿನ ಹಣ ಹಿಂಡಿಯ ಅಂಗಡಿಗೆ ಹೋಗುತ್ತದೆ. ಹಸುವಿನ ಹೊಟ್ಟೆಯೂ ಕೆಡುತ್ತದೆ, ಹಾಲಿನ ಜಿಡ್ಡೂ ಇಳಿಯುತ್ತದೆ.

ಎರಡು ಹಸುಗಳಿಗೆ ದಿನಕ್ಕೆ 50 ಕಿಲೋ ಹಸಿಮೇವು ಎಂದಾಯಿತು. ನೀರಿನ ಅನುಕೂಲವಿದ್ದರೆ 10 ಗುಂಟೆಯಲ್ಲಿ ಹೈಬ್ರಿಡ್ ನೇಪಿಯರ್ ಹಾಕಿರಿ. ಸಿ.ಒ-4 ಅಥವಾ ಧಾರವಾಡದಲ್ಲಿ ಅಭಿವೃದ್ಧಿಪಡಿಸಿದ ಡಿ.ಎಚ್.ಎನ್-6 ತಳಿಗಳು ಸೂಕ್ತ. ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಅಂತರ ಕೊಟ್ಟರೆ 10 ಗುಂಟೆಗೆ ಸುಮಾರು 1,800 ತುಂಡುಗಳು ಬೇಕು. ಮೊದಲ ಕಟಾವು 75ರಿಂದ 80 ದಿನಕ್ಕೆ, ಅನಂತರ 45 ದಿನಕ್ಕೊಮ್ಮೆ. ತಾಕನ್ನು 45 ಪಟ್ಟೆಗಳಾಗಿ ಗುರುತು ಮಾಡಿ ದಿನಕ್ಕೊಂದು ಪಟ್ಟೆ ಕೊಯ್ದರೆ, ಕೊನೆಯ ಪಟ್ಟೆ ಮುಗಿಯುವಷ್ಟರಲ್ಲಿ ಮೊದಲನೆಯದು ಕೊಯ್ಲಿಗೆ ಬಂದಿರುತ್ತದೆ. ಹುಲ್ಲು ಬಲಿತಷ್ಟೂ ತೂಕ ಹೆಚ್ಚುತ್ತದೆ, ಆದರೆ ಸಸಾರಜನಕ ಇಳಿಯುತ್ತದೆ ಎಂಬುದನ್ನು ಮರೆಯಬಾರದು.

ಏಕದಳ ಮೇವೊಂದೇ ಸಾಲದು. ಒಂದೆರಡು ಗುಂಟೆ ಕುದುರೆ ಮೆಂತೆ, ಬೇಲಿಯ ಗುಂಟ ಚೊಗಚೆ, ಗ್ಲಿರಿಸಿಡಿಯ, ಸುಬಾಬುಲ್ ಇರಲಿ. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷಪದಾರ್ಥವಿರುವುದರಿಂದ ಅದು ಹಸಿಮೇವಿನ ಮೂರನೆಯ ಒಂದು ಭಾಗವನ್ನು ಮೀರಬಾರದು. ಹೂ ಬಿಡದ ಎಳೆಯ ಜೋಳದ ಪೈರನ್ನು, ಅದರಲ್ಲೂ ಮಳೆಯಿಲ್ಲದೆ ಬಾಡಿದ ಪೈರನ್ನು, ಹಸುವಿಗೆ ಹಾಕಲೇಬಾರದು. ಅದರ ವಿಷಕ್ಕೆ ಹಸು ಕೆಲವೇ ನಿಮಿಷಗಳಲ್ಲಿ ಬಿದ್ದುಹೋಗಬಹುದು.

ನಮ್ಮಿಂದಾದ ತಪ್ಪು

ಬೇಸಿಗೆಯ 90 ದಿನಗಳ ಕೊರತೆಯನ್ನು ತುಂಬಲು ರಸಮೇವು ಉತ್ತಮ ಮಾರ್ಗ. ಇದನ್ನು ನಾವು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೇವೆ. ಆದರೂ ಸಣ್ಣ ರೈತರಲ್ಲಿ ಇದು ಏಕೆ ಹರಡಲಿಲ್ಲ? ರೈತರಿಗೆ ಆಸಕ್ತಿ ಇಲ್ಲ ಎಂದು ನಾನೂ ಹಲವು ವರ್ಷ ಹೇಳಿದ್ದೇನೆ. ಅದು ಸರಿಯಲ್ಲ ಎಂಬುದು ಕೆಲವು ವರ್ಷಗಳ ಹಿಂದೆ ನನಗೆ ಅರಿವಾಯಿತು.

ಒಂದು ಹಳ್ಳಿಯಲ್ಲಿ ಎರಡು ಹಸುಗಳಿದ್ದ ಮನೆಯೊಂದರಲ್ಲಿ ನಾನೇ ನಿಂತು ಪ್ರಾತ್ಯಕ್ಷಿಕೆ ಮಾಡಿಸಿದೆ. 10 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಆಳದ ಗುಂಡಿ. ಮೇವು ಚೆನ್ನಾಗಿಯೇ ಹದಗೊಂಡಿತ್ತು. ತೆರೆದ ದಿನ ಎಲ್ಲರೂ ಮೆಚ್ಚಿದರು. ತಿಂಗಳು ಕಳೆದು ಹೋದಾಗ ಗುಂಡಿಯಲ್ಲಿ ಬೂಷ್ಟು ಹಿಡಿದ ಮೇವಿತ್ತು. ಆ ಮನೆಯ ಅಜ್ಜಿ, "ಸ್ವಾಮಿ, ನೀವು ಹೇಳಿದ್ದು ಆನೆಗೆ ಆಗುವ ಗುಂಡಿ. ನಮ್ಮ ಹಸು ಎರಡೇ ಅಲ್ಲವೇ?" ಎಂದರು.

ಅಜ್ಜಿಯ ಮಾತಿನಲ್ಲಿ ಲೆಕ್ಕವಿತ್ತು. ರಸಮೇವಿನ ಗುಂಡಿಯನ್ನು ತೆರೆದ ಮೇಲೆ ಗಾಳಿ ಸೋಕಿದ ಮುಖದಿಂದ ದಿನಕ್ಕೆ ಕನಿಷ್ಠ ನಾಲ್ಕು ಅಂಗುಲ ದಪ್ಪ ತೆಗೆಯಬೇಕು. ಇಲ್ಲವಾದರೆ ಗಾಳಿ ಒಳಹೊಕ್ಕು ಮೇವು ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಎರಡು ಹಸುಗಳಿಗೆ ದಿನಕ್ಕೆ 30 ಕಿಲೋ ಸಾಕು. ಆ ಗುಂಡಿಯ ಮುಖದಿಂದ 30 ಕಿಲೋ ತೆಗೆದರೆ ಕರಗುವುದು ಒಂದು ಅಂಗುಲಕ್ಕೆ ಸ್ವಲ್ಪ ಮೇಲಷ್ಟೇ. ಅಂಥ ಗುಂಡಿ ಏಳೆಂಟು ಹಸುಗಳಿರುವವರಿಗೆ ಸರಿ. ತಪ್ಪು ರೈತರದಲ್ಲ, ದೊಡ್ಡ ಫಾರಂನ ಪದ್ಧತಿಯನ್ನು ಸಣ್ಣ ಕೊಟ್ಟಿಗೆಗೆ ತಂದ ನನ್ನದು.

ಚೀಲದಲ್ಲಿ ರಸಮೇವು

ಒಂದೆರಡು ಹಸು ಇರುವವರಿಗೆ ಚೀಲದ ವಿಧಾನವೇ ಲೇಸು. ಒಳಗೆ ಪ್ಲಾಸ್ಟಿಕ್ ಪದರವಿರುವ, 40 ಕಿಲೋ ಹಿಡಿಸುವ ಗಟ್ಟಿ ಚೀಲಗಳು ಬೇಕು. ಒಂದು ಚೀಲ ತೆರೆದರೆ ಮರುದಿನಕ್ಕೆ ಮುಗಿಯುತ್ತದೆ, ಕೆಡಲು ಅವಕಾಶವಿಲ್ಲ. ಹಸುವಿಗೆ 15 ಕಿಲೋದಂತೆ ಎರಡು ಹಸುಗಳಿಗೆ 90 ದಿನಕ್ಕೆ 2,700 ಕಿಲೋ, ಅಂದರೆ ಸುಮಾರು 70 ಚೀಲ. ಇದಕ್ಕೆ ಮುಂಗಾರಿನಲ್ಲಿ 9 ಗುಂಟೆ ಆಫ್ರಿಕನ್ ಟಾಲ್ ಮೇವಿನ ಜೋಳ, ಅಂದರೆ ಮುಸುಕಿನ ಜೋಳ ಸಾಕು. ಬಿತ್ತನೆ ಬೀಜ ಸುಮಾರು 7 ಕಿಲೋ. ಮೂರು ಸಾಲಿಗೆ ಒಂದು ಸಾಲು ಅಲಸಂದೆ ಸೇರಿಸಿದರೆ ಮೇವಿನ ಪೌಷ್ಟಿಕತೆ ಹೆಚ್ಚುತ್ತದೆ.

ಅನುಸರಿಸಬೇಕಾದ ಕ್ರಮ ಹೀಗಿದೆ:

1. ತೆನೆಯ ಕಾಳನ್ನು ಉಗುರಿನಿಂದ ಒತ್ತಿ ನೋಡಿರಿ. ಹಾಲು ಚಿಮ್ಮಬಾರದು, ಕಲ್ಲಿನಂತೆಯೂ ಇರಬಾರದು, ಹಿಟ್ಟಿನ ಮುದ್ದೆಯಂತಿರಬೇಕು. ಆಗ ಕೊಯ್ಯಿರಿ. ಸಾಮಾನ್ಯವಾಗಿ ಇದು 80 ದಿನಗಳ ಸುಮಾರಿಗೆ ಬರುತ್ತದೆ.

2. ಒಂದು ಅಂಗುಲದಷ್ಟು ಚಿಕ್ಕದಾಗಿ ಕತ್ತರಿಸಿರಿ. ಒಂದು ಹಿಡಿ ಮೇವನ್ನು ಬಲವಾಗಿ ಹಿಂಡಿ ಕೈ ಬಿಡಿಸಿರಿ. ನೀರು ತೊಟ್ಟಿಕ್ಕಿದರೆ ಹಸಿ ಹೆಚ್ಚು, ಕೆಲವು ಗಂಟೆ ಬಾಡಿಸಿರಿ. ತಕ್ಷಣ ಉದುರಿದರೆ ಒಣಗಿದೆ. ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಹದ ಸರಿ.

3. ನೇಪಿಯರ್ ಹುಲ್ಲಿನಲ್ಲಿ ಸಕ್ಕರೆಯ ಅಂಶ ಕಡಿಮೆ. ಅದನ್ನು ಬಳಸುವುದಾದರೆ 100 ಕಿಲೋ ಮೇವಿಗೆ 2 ಕಿಲೋ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಚಿಮುಕಿಸಿರಿ. ಮುಸುಕಿನ ಜೋಳಕ್ಕೆ ಬೆಲ್ಲ ಬೇಕಿಲ್ಲ.

4. ಅರ್ಧ ಅಡಿಯಷ್ಟು ತುಂಬುವುದು, ತುಳಿಯುವುದು. ಮತ್ತೆ ತುಂಬುವುದು, ತುಳಿಯುವುದು. ಗಾಳಿ ಉಳಿದರೆ ಮೇವು ಕೊಳೆಯುತ್ತದೆ. ಗಾಳಿ ಇಲ್ಲದಿದ್ದರೆ ಮಾತ್ರ ಹುಳಿ ಹಿಡಿಸುವ ಜೀವಾಣುಗಳು ಬೆಳೆದು ಮೇವನ್ನು ಕಾಪಾಡುತ್ತವೆ. ಕೊನೆಗೆ ಒಳಪದರವನ್ನು ತಿರುಚಿ ಬಿಗಿಯಾಗಿ ಕಟ್ಟಿರಿ.

5. ಚೀಲಗಳನ್ನು ನೆರಳಿನಲ್ಲಿ ಹಲಗೆಯ ಮೇಲೆ, ಗೋಡೆಯಿಂದ ದೂರ ಜೋಡಿಸಿರಿ. ಇದರ ದೊಡ್ಡ ವೈರಿ ಇಲಿ. ವಾರಕ್ಕೊಮ್ಮೆ ನೋಡಿ, ತೂತು ಕಂಡ ದಿನವೇ ಅಂಟುಪಟ್ಟಿ ಹಚ್ಚಿರಿ.

6. 45 ದಿನಗಳ ನಂತರ ಬಳಸಬಹುದು. ಹಳದಿ ಮಿಶ್ರಿತ ಹಸಿರು ಬಣ್ಣ, ಹಿತವಾದ ಹುಳಿವಾಸನೆ ಇದ್ದರೆ ಒಳ್ಳೆಯ ರಸಮೇವು. ಬೂಷ್ಟು ಹಿಡಿದದ್ದನ್ನು ತಿಪ್ಪೆಗೆ ಹಾಕಿರಿ. ಮೊದಲ ದಿನ 4-5 ಕಿಲೋ ಕೊಟ್ಟು ವಾರದಲ್ಲಿ 15 ಕಿಲೋಗೆ ಏರಿಸಿರಿ. ಹಾಲು ಕರೆದ ನಂತರವೇ ಕೊಡಿರಿ. ಇಲ್ಲವಾದರೆ ವಾಸನೆ ಹಾಲಿಗೆ ಹತ್ತುತ್ತದೆ.

ಒಣಹುಲ್ಲಿನ ಸುಧಾರಣೆ

ಭತ್ತದ ಹುಲ್ಲನ್ನೇ ನಂಬಿದವರು ಅದನ್ನು ಯೂರಿಯಾದಿಂದ ಉಪಚರಿಸಬಹುದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹಾಳೆಯಿಂದ 21 ದಿನ ಮುಚ್ಚಿಡಬೇಕು. ತೆಗೆದ ಮೇಲೆ ಘಾಟು ಹೋಗುವಂತೆ ಹರಡಿ ಆಮೇಲೆ ಕೊಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಕರಗಿಸಿದ ಯೂರಿಯಾ ನೀರನ್ನು ದನ ಕುಡಿದರೆ ಪ್ರಾಣಕ್ಕೆ ಅಪಾಯ. ಬಕೆಟ್ಟನ್ನು ಕೊಟ್ಟಿಗೆಯ ಬಳಿ ಬಿಡಲೇಬೇಡಿ.

ತರಬೇತಿ ಯಾರಿಗೆ?

ವಿಸ್ತರಣಾ ಮಿತ್ರರಿಗೆ ಒಂದು ಮಾತು. ಮೇವು ಕೊಯ್ಯುವವರು, ಹೊರುವವರು, ಹಾಕುವವರು, ಹಾಲು ಕರೆಯುವವರು ಬಹುತೇಕ ಮನೆಯ ಹೆಣ್ಣುಮಕ್ಕಳು. ನಾವು ತರಬೇತಿ ಇಡುವುದು ಬೆಳಗ್ಗೆ 11 ಗಂಟೆಗೆ, ಪಟ್ಟಣದ ಸಭಾಂಗಣದಲ್ಲಿ, ಬರುವವರು ಗಂಡಸರು. ಕೇಳಿದವರು ಒಬ್ಬರು, ಮಾಡುವವರು ಇನ್ನೊಬ್ಬರು. ಚೀಲ ಸರಿಯಾಗಿ ತುಳಿಯದೆ ಕೆಟ್ಟರೆ ಆಶ್ಚರ್ಯವೇನು? ಮಧ್ಯಾಹ್ನದ ಕೆಲಸ ಮುಗಿದು ಸಂಜೆ ಹಾಲು ಕರೆಯುವ ಮೊದಲಿನ ಎರಡು ಗಂಟೆ, ಹಳ್ಳಿಯ ಕೊಟ್ಟಿಗೆಯ ಮುಂದೆಯೇ ತರಬೇತಿ ಇಡಿ. ಭಾಷಣ ಕಡಿಮೆ ಮಾಡಿ, ಪ್ರತಿಯೊಬ್ಬರ ಕೈಯಿಂದಲೂ ಒಂದೊಂದು ಚೀಲ ತುಂಬಿಸಿ. 45 ದಿನಗಳ ನಂತರ ಆ ಚೀಲ ತೆರೆಯುವ ದಿನ ತಪ್ಪದೆ ಹೋಗಿರಿ. ತರಬೇತಿ ಮುಗಿಯುವುದು ಅಂದೇ.

ಸೋದರಿಯರೇ, ಈ ಮುಂಗಾರಿನಲ್ಲಿ ಎಲ್ಲರೂ 70 ಚೀಲ ತುಂಬಬೇಕೆಂದು ನಾನು ಹೇಳುವುದಿಲ್ಲ. ಹತ್ತು ಚೀಲ ತುಂಬಿ ನೋಡಿರಿ. ಮಾರ್ಚ್ ತಿಂಗಳಲ್ಲಿ ತೆರೆದು ನಿಮ್ಮ ಹಸುವಿನ ಮುಂದೆ ಇಡಿರಿ. ಅದು ತಿಂದು ಹಾಲು ನಿಲ್ಲಿಸಿಕೊಂಡರೆ ಮುಂದಿನ ವರ್ಷ ಹೆಚ್ಚಿಸಿರಿ. ಕೆಟ್ಟರೆ ನಮ್ಮನ್ನು ಕರೆಯಿರಿ. ಎಲ್ಲಿ ತಪ್ಪಾಯಿತೆಂದು ಕೂಡಿ ನೋಡೋಣ.