ವಿಜಯಪುರದ ಗಂಜುಗಳು



ಉಮ್ಮಚಗಿ, ಮಂಚಿಕೇರಿ, ಸೋಂದಾ ಸುತ್ತಿನ ನಮ್ಮಂಥ ಅಡಿಕೆ ತೋಟಿಗರಿಗೆ ಎತ್ತರದ ನೀರನ್ನು ಮನೆಗೆ ಇಳಿಸುವ ವಿದ್ಯೆ ಹೊಸದಲ್ಲ. ಗುಡ್ಡದ ಒರತೆಗೆ ಒಡ್ಡು ಕಟ್ಟಿ, ಹಿಂದೆ ಅಡಿಕೆ ಮರ ಸೀಳಿ ತಿರುಳು ತೆಗೆದ ದಬ್ಬೆಯಲ್ಲಿ, ಈಗ ಪ್ಲಾಸ್ಟಿಕ್ ಪೈಪಿನಲ್ಲಿ, ಅಬ್ಬಿ ನೀರನ್ನು ಬಚ್ಚಲ ಹಂಡೆಯವರೆಗೆ ತರುತ್ತೇವೆ. ಪಂಪು ಬೇಡ, ಕರೆಂಟು ಬೇಡ. ಪೈಪು ಎಳೆದವರಿಗೆ ಅದರ ಎರಡು ಕಾಟಗಳೂ ಗೊತ್ತು. ಇಳಿಜಾರು ಜೋರಾಗಿದ್ದರೆ ಕೆಳಗಿನ ಜಾಯಿಂಟು ಕಿತ್ತು ಹಾರುತ್ತದೆ. ಏರುತಗ್ಗು ಇದ್ದಲ್ಲಿ ಪೈಪಿಗೆ ಗಾಳಿ ಹಿಡಿಯುತ್ತದೆ. ಆಗ ಏರಿನ ಜಾಗದಲ್ಲಿ ಒಂದು 'ಟೀ' ಕೂಡಿಸಿ, ಅದಕ್ಕೊಂದು ತುಂಡು ಪೈಪನ್ನು ನೆಟ್ಟಗೆ ನಿಲ್ಲಿಸಿ, ಬಾಯಿ ತೆರೆದಿಡುತ್ತೇವೆ. ಗಾಳಿ ಹೊರಗೆ ಹೋಗುತ್ತದೆ, ನೀರು ಮುಂದೆ ಸಾಗುತ್ತದೆ. ಆ ತುಂಡು ಪೈಪಿನ ಕೆಲಸವನ್ನೇ ಕಲ್ಲು ಗಾರೆಯ ಗೋಪುರಗಳಿಂದ ಮಾಡಿಸಿದ ನಗರವೊಂದು ನಮ್ಮ ರಾಜ್ಯದಲ್ಲಿದೆ. ಅದು ವಿಜಯಪುರ. ಆ ಗೋಪುರಗಳಿಗೆ ಅಲ್ಲಿ 'ಗಂಜ್' ಎಂದು ಹೆಸರು.

ವಿಜಯಪುರವೆಂದರೆ ನಮಗೆಲ್ಲ ಮೊದಲು ನೆನಪಾಗುವುದು ಗೋಳಗುಮ್ಮಟ. ಅಷ್ಟು ದೊಡ್ಡ ಗುಮ್ಮಟ ಎತ್ತಿದ ಊರಿನಲ್ಲಿ ಜನ ಕುಡಿದದ್ದು ಯಾವ ನೀರು? ಮಳೆ ಅಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ನಮ್ಮ ಕಡೆ ಆಷಾಢದ ಒಂದು ತಿಂಗಳಿನಲ್ಲೇ ಅಷ್ಟು ಸುರಿದುಬಿಡುವುದುಂಟು. ಊರಿನ ಪಕ್ಕದಲ್ಲಿ ಹೊಳೆಯಿಲ್ಲ. ಅಡಿಯಲ್ಲಿರುವುದು ಗಟ್ಟಿ ಕರಿಕಲ್ಲು. ಇಂಥ ನೆಲದ ಮೇಲೆ 15ನೆಯ ಶತಮಾನದ ಕೊನೆಗೆ ಆದಿಲ್‌ಶಾಹಿಗಳ ರಾಜಧಾನಿ ಹುಟ್ಟಿತು. 1565ರ ತಾಳಿಕೋಟೆ ಯುದ್ಧದ ನಂತರವಂತೂ ಅದು ಭರದಿಂದ ಬೆಳೆಯಿತು. ಕೋಟೆ, ಅರಮನೆ, ಮಸೀದಿ, ಪೇಟೆ, ಕುದುರೆ, ಆನೆ, ತೋಟ, ಕಾರಂಜಿ, ಎಲ್ಲಕ್ಕೂ ನೀರು ಬೇಕು. ಮೊದಲನೆಯ ಅಲಿ ಆದಿಲ್ ಶಾಹ 1579ರಲ್ಲಿ ಚಾಂದ್ ಬಾವಡಿ ಎಂಬ ಮೆಟ್ಟಿಲುಬಾವಿ ಕಟ್ಟಿಸಿದ. ಮುಂದೆ ಎರಡನೆಯ ಇಬ್ರಾಹಿಮನ ಕಾಲದಲ್ಲಿ ತಾಜ್ ಬಾವಡಿ ಬಂತು. ಆದರೆ ಬಾವಡಿಗೆ ಬಂದು ಸೇದಿಕೊಂಡು ಹೋಗುವ ನೀರಿನಿಂದ ಅಷ್ಟು ದೊಡ್ಡ ನಗರ ಬಾಳಲಾರದು. ನೀರೇ ಓಣಿಯೊಳಕ್ಕೆ ಬರಬೇಕು.

ಅದಕ್ಕೆ ಅವರು ಹಿಡಿದ ಮೊದಲ ದಾರಿ ತೊರವಿಯದು. ಈ ಊರು ನಮಗೆ ಅಪರಿಚಿತವಲ್ಲ. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಊರು ಅದು. ನಮ್ಮ ತಾಳಮದ್ದಲೆಯ ಅರ್ಥಧಾರಿಗಳು ಆ ಕಾವ್ಯವನ್ನು ಎಷ್ಟು ಸಲ ಆಧಾರಕ್ಕೆ ತಂದಿದ್ದಾರೋ! ವಿಜಯಪುರದ ಪಶ್ಚಿಮಕ್ಕಿರುವ ಅದೇ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನಗರಕ್ಕೆ ನೀರು ಹರಿಸಿದರು. ಅಲ್ಲಲ್ಲಿ ನೆಲದಿಂದ ಸುರಂಗಕ್ಕೆ ಬಾವಿಯಂತೆ ಕಂಡಿಗಳು. ಗಾಳಿಗೂ ಅದೇ, ಹೂಳು ಎತ್ತುವುದಕ್ಕೂ ಅದೇ. ಇರಾನಿನಲ್ಲಿ ಬಹಳ ಹಿಂದಿನಿಂದ ನಡೆದುಬಂದ ಪದ್ಧತಿ ಇದು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಇಂಥದೇ ನೀರಿನ ಸುರಂಗ, ಕರೇಜ್, ಇದೆ. ನಮ್ಮ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡ ಸುರಂಗ ತೋಡಿದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ದಾರಿ ದಕ್ಷಿಣದ ಬೇಗಂ ತಲಾಬಿನದು. ಮೊಹಮ್ಮದ್ ಆದಿಲ್ ಶಾಹ 1651ರಲ್ಲಿ ಜಹಾನ್ ಬೇಗಂಳ ನೆನಪಿಗೆ ಕಟ್ಟಿಸಿದ 234 ಎಕರೆಯ ಕೆರೆ ಅದು. ಕೆರೆಯ ಬಲಬದಿಯಲ್ಲಿ ನೆಲಮಾಳಿಗೆಯಂಥ ಒಂದು ಕೋಣೆ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳು ಹೊರಡುತ್ತಿದ್ದವು. ಒಂದಕ್ಕೊಂದು ಸೇರಿಸಿ, ಸುತ್ತಲೂ ಗಾರೆಕಟ್ಟಡದ ಕವಚ ಹಾಕಿ, 15 ಅಡಿಯಿಂದ 50 ಅಡಿ ಆಳದವರೆಗೆ ಅವುಗಳನ್ನು ಹೂಳಿದ್ದರು. ಆ ಕೊಳವೆಯ ಜಾಡಿನಲ್ಲಿ ಅಲ್ಲಲ್ಲಿ ಎದ್ದು ನಿಂತವೇ 25ರಿಂದ 40 ಅಡಿ ಎತ್ತರದ ಗಂಜುಗಳು.

ಗಂಜು ಏನು ಮಾಡುತ್ತಿತ್ತು ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ಏಕೆಂದರೆ ಅದರ ಜಾಣತನವೆಲ್ಲ ಅಲ್ಲಿದೆ. ಮುಚ್ಚಿದ ಕೊಳವೆಯಲ್ಲಿ ನೀರು ಎಷ್ಟು ಕೆಳಗಿಳಿಯುತ್ತದೋ ಅದರ ಒತ್ತಡ ಅಷ್ಟು ಬೆಳೆಯುತ್ತದೆ. 10 ಮೀಟರ್ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರ. ಕಬ್ಬಿಣದ ಕೊಳವೆ ಅದನ್ನು ಲೆಕ್ಕಕ್ಕಿಡುವುದಿಲ್ಲ. ಮಣ್ಣಿನ ಕೊಳವೆಯ ಸಂದು ಬಿಟ್ಟುಕೊಳ್ಳುತ್ತದೆ. ಕೆಳಗೆಲ್ಲೋ ಒಮ್ಮೆಗೇ ನೀರು ಕಟ್ಟಿದರೆ ಹಿಂದಿನಿಂದ ಬರುವ ನೀರು ಬಂದು ಗುದ್ದುತ್ತದೆ. ಸಿಕ್ಕಿಬಿದ್ದ ಗಾಳಿಯ ಉಪಟಳ ಬೇರೆ. ನಡುವೆ ಒಂದು ಗಂಜು ಇದ್ದರೆ ನೀರು ಅದರೊಳಗೆ ಮೇಲೇರುತ್ತದೆ. ಗಾಳಿ ತೆರೆದ ಬಾಯಿಂದ ಹೊರಬೀಳುತ್ತದೆ. ಗುದ್ದಿದ ರಭಸ ಕೊಳವೆಯನ್ನು ಸೀಳದೆ ನೀರಿನ ಮಟ್ಟವನ್ನು ಒಂದಿಷ್ಟು ಏರಿಸಿ ತಣ್ಣಗಾಗುತ್ತದೆ. ಅಲ್ಲಿಂದ ಮುಂದಿನ ಕೊಳವೆಗೆ ಕೆರೆಯ ಎತ್ತರದ ಭಾರವಿಲ್ಲ, ಗಂಜಿನ ಎತ್ತರದ ಭಾರ ಮಾತ್ರ. ಮುಂದಿನ ಗಂಜಿನಲ್ಲಿ ಮಟ್ಟ ಇನ್ನೂ ತುಸು ಕೆಳಗೆ. ಹೀಗೆ ಹಂತ ಹಂತವಾಗಿ ಇಳಿಯುತ್ತ ನೀರು ನಗರ ಸೇರುತ್ತದೆ. ಇದರ ಜೊತೆಗೆ ಇನ್ನೊಂದು ಲಾಭ: ನೀರಿನ ವೇಗ ಗಂಜಿನಲ್ಲಿ ಕುಗ್ಗುವುದರಿಂದ ಕಸ, ಕೆಸರು ತಳದಲ್ಲಿ ಕೂರುತ್ತದೆ, ತಿಳಿನೀರು ಮುಂದೆ ಹೋಗುತ್ತದೆ. ನಗರದೊಳಗಿನ ಅಸಾರ್ ಮಹಲಿನ ಮುಂದಿನ ದೊಡ್ಡ ಕೊಳ ತುಂಬುತ್ತಿದ್ದದ್ದು ಬೇಗಂ ತಲಾಬಿನ ನೀರಿನಿಂದಲೇ.

ಬೇಗಂ ತಲಾಬನ್ನು ಕಟ್ಟಿಸಿದ ದೊರೆಯ ಸಮಾಧಿಯೇ ಗೋಳಗುಮ್ಮಟ. ಎರಡೂ ಒಂದೇ ಕಾಲದ ಕೆಲಸ. ಗುಮ್ಮಟ ಹೊರಕ್ಕೆ ತಳ್ಳುವ ಬಲವನ್ನು ಒಂದನ್ನೊಂದು ಹಾಯುವ ಕಮಾನುಗಳಲ್ಲಿ ಕಟ್ಟಿಹಾಕಿದ ತಿಳಿವಳಿಕೆ, ನೀರು ಹೊರಕ್ಕೆ ತಳ್ಳುವ ಬಲವನ್ನು ಗಂಜಿನಲ್ಲಿ ಪಳಗಿಸಿದ ತಿಳಿವಳಿಕೆ, ಇವೆರಡೂ ಸಮಸಮ ಎಂದೇ ನಾನು ನಂಬಿದ್ದೇನೆ. ಗುಮ್ಮಟಕ್ಕೆ ಜಗತ್ತೇ ತಲೆಯೆತ್ತಿ ನೋಡುತ್ತದೆ. ಗಂಜಿನ ಪಕ್ಕದಲ್ಲಿ ಜನ ಸುಮ್ಮನೆ ಹಾದುಹೋಗುತ್ತಾರೆ. ಇದು ನನಗೆ ನೋವಿನ ಸಂಗತಿ.

ಗೋಪುರದಿಂದ ಒತ್ತಡ ತಗ್ಗಿಸುವ ಈ ಯುಕ್ತಿ ಬೇರೆ ನಾಡುಗಳಲ್ಲೂ ಇತ್ತು. ಕ್ರಿ.ಶ. 79ರಲ್ಲಿ ವೆಸೂವಿಯಸ್ಸಿನ ಬೂದಿಯಡಿ ಹೂತುಹೋದ ಪಾಂಪೆಯಲ್ಲಿ, ಬೀದಿ ಮೂಲೆಗಳ ಇಟ್ಟಿಗೆ ಕಂಬಗಳ ಮೇಲೆ ಸೀಸದ ತೊಟ್ಟಿಗಳನ್ನು ಕೂರಿಸಿದ್ದರು. ಇಸ್ತಾಂಬುಲ್‌ನಲ್ಲಿ ಆಟೋಮನ್ನರ ಕಾಲದ ಇಂಥ ನೀರಿನ ಗೋಪುರಗಳು ಇಂದಿಗೂ ನಿಂತಿವೆ.

ಪಂಪು ಬಂದ ಮೇಲೆ ಗೋಪುರದ ಕೆಲಸ ತಲೆಕೆಳಗಾಯಿತು. ಇಳಿದು ಬರುವ ನೀರಿನ ಒತ್ತಡ ತಗ್ಗಿಸುತ್ತಿದ್ದ ಗೋಪುರ, ಮೇಲೆತ್ತಿದ ನೀರಿಗೆ ಒತ್ತಡ ಕೊಡುವ ಟ್ಯಾಂಕಾಯಿತು. 1909ರಿಂದ 1911ರ ಹೊತ್ತಿಗೆ ಕಲಕತ್ತೆಯ ಟಾಲಾದಲ್ಲಿ 110 ಅಡಿ ಎತ್ತರದ ಉಕ್ಕಿನ ಕಂಬಗಳ ಮೇಲೆ 90 ಲಕ್ಷ ಗ್ಯಾಲನ್ ಹಿಡಿಯುವ ಟ್ಯಾಂಕು ಎದ್ದಿತು. ನಮ್ಮ ಪೇಟೆಗಳಲ್ಲಿ ಕಾಣುವ ದೊಡ್ಡ ಕಾಂಕ್ರೀಟ್ ಟ್ಯಾಂಕುಗಳಲ್ಲಿ ಕೆಲವಕ್ಕೆ ತಳದಲ್ಲಿ ಒಳಮುಖವಾಗಿ ಇಳಿಯುವ ಶಂಕು ಇರುತ್ತದೆ, ಅದರ ನಡುವೆ ಮೇಲಕ್ಕುಬ್ಬಿದ ಗುಮ್ಮಟ. 19ನೆಯ ಶತಮಾನದ ಜರ್ಮನ್ ಎಂಜಿನಿಯರ್ ಆಟೋ ಇಂಟ್ಸೆಯ ವಿನ್ಯಾಸ ಅದು. ಗುಮ್ಮಟ ಹೊರಕ್ಕೆ ತಳ್ಳಿದರೆ ಶಂಕು ಒಳಕ್ಕೆ ತಳ್ಳುತ್ತದೆ. ಎರಡೂ ಸರಿಹೋಗಿ ಕಂಬದ ಮೇಲೆ ನೇರ ಭಾರವಷ್ಟೇ ಉಳಿಯುತ್ತದೆ.

ಮತ್ತೆ ಗಂಜುಗಳ ಕಥೆಗೆ ಬರೋಣ. 1686ರಲ್ಲಿ ಔರಂಗಜೇಬನ ಸೇನೆಗೆ ವಿಜಯಪುರ ಸೋತಿತು. ರಾಜಧಾನಿಯ ಪಟ್ಟ ಹೋಯಿತು, ಜನ ಕರಗಿದರು. ಕೊಳವೆಯ ಹೂಳು ತೆಗೆಯುವ, ಸಂದಿಗೆ ಗಾರೆ ಮೆತ್ತುವ ಕೈಗಳಿಲ್ಲದೆ ಇಂಥ ವ್ಯವಸ್ಥೆ ನಡೆಯುವುದಿಲ್ಲ. ಹೆನ್ರಿ ಕಸಿನ್ಸ್ ಎಂಬ ಪುರಾತತ್ವ ಅಧಿಕಾರಿ ವಿಜಯಪುರದ ಕಟ್ಟಡಗಳ ಕುರಿತ ತನ್ನ ದೊಡ್ಡ ಗ್ರಂಥವನ್ನು 1916ರಲ್ಲಿ ಪ್ರಕಟಿಸಿದಾಗ ಈ ಜಲಮಾರ್ಗಗಳನ್ನೂ ಮರೆಯದೆ ದಾಖಲಿಸಿದ. ಈಗ ನಗರಕ್ಕೆ ಕೃಷ್ಣೆಯ ನೀರು ಬರುತ್ತದೆ. ಈಚಿನ ವರ್ಷಗಳಲ್ಲಿ ಕೆಲವು ಬಾವಡಿಗಳ ಹೂಳೆತ್ತಿದ್ದಾರೆ, ಸಂತೋಷ. ಗಂಜುಗಳ ಮೇಲೆ ಮಾತ್ರ ಅಷ್ಟು ಗಮನ ಬಿದ್ದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳಿಂದ ಬಾದಾಮಿ, ವಿಜಯಪುರಕ್ಕೆ ಪ್ರವಾಸ ಹೋಗುವುದುಂಟು. ಮಾಸ್ತರರಲ್ಲಿ, ಅಕ್ಕೋರಲ್ಲಿ ನನ್ನದೊಂದು ವಿನಂತಿ. ಗೋಳಗುಮ್ಮಟದಲ್ಲಿ ಮಕ್ಕಳು ಕೂಗಿ ಪ್ರತಿಧ್ವನಿ ಕೇಳಿದ ಮೇಲೆ ಅರ್ಧ ತಾಸು ಉಳಿಸಿಕೊಂಡು ಒಂದು ಗಂಜಿನ ಬುಡಕ್ಕೂ ಅವರನ್ನು ಕರೆದೊಯ್ಯಿರಿ. ನೀರು ಯಾವ ಕಡೆಯಿಂದ ಬಂತು, ಎಷ್ಟು ಎತ್ತರ ಏರಿತು, ಯಾವ ಕಡೆ ಹೋಯಿತು ಎಂದು ಅವರನ್ನೇ ಕೇಳಿ. ತೋಟದ ಮನೆಯ ಮಕ್ಕಳು ನಿಮಗಿಂತ ಮೊದಲು ಉತ್ತರ ಹೇಳಿಯಾರು.