ಸಹನೆಯನ್ನು ಹೊಗಳುವ ಮುನ್ನ



ಒತ್ತಡವನ್ನು ತಾಳಿಕೊಳ್ಳುವ ಶಕ್ತಿ ಮನಸ್ಸಿಗೆ ಹೇಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಸೂರಗೊಂಡನಕೊಪ್ಪದ ಈ ಗೋಷ್ಠಿಯಲ್ಲಿ ಕೂತು ಕೇಳುವುದಕ್ಕೆ ಅರ್ಥವಿದೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಂಬಿರುವ ಈ ನೆಲಕ್ಕೆ ಪ್ರತಿ ಫೆಬ್ರುವರಿಯಲ್ಲಿ ಮಾಲಾಧಾರಿಗಳು ದೂರದ ಜಿಲ್ಲೆಗಳಿಂದ ನಡೆದು ಬರುತ್ತಾರೆ. ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶವನ್ನೇ ಸುತ್ತಿದ ಸಮುದಾಯ ಇದು. ರೈಲು ಬಂತು, ಆ ಬದುಕು ಹೋಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಹಲವು ಪ್ರಾಂತ್ಯಗಳಲ್ಲಿ ಬಂಜಾರರ ಗುಂಪುಗಳನ್ನು ಹುಟ್ಟು ಕಳ್ಳರೆಂದು ಪಟ್ಟಿಗೆ ಸೇರಿಸಿದರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಇಷ್ಟಾದರೂ ಭಾಷೆ, ಹಾಡು, ಕಸೂತಿ ಉಳಿಸಿಕೊಂಡು ಬಂದ ಜನರನ್ನು ಕಂಡಾಗ ‘ಎಂಥ ಗಟ್ಟಿ ಮನಸ್ಸು’ ಎಂದು ಹೊಗಳುವುದು ಸುಲಭ. ಆ ಹೊಗಳಿಕೆಯನ್ನು ಇವತ್ತು ಸ್ವಲ್ಪ ಹೊತ್ತು ತಡೆದಿಡೋಣ ಎಂಬುದು ನನ್ನ ಕೋರಿಕೆ.

ಕಾರಣ ಮೆದುಳಿನಲ್ಲಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮಲ್ಲಿ ಹಲವರಿಗೆ ಗೊತ್ತು. ಇಲಿಗಳನ್ನು ದಿನಕ್ಕೆರಡು ತಾಸಿನಂತೆ ಹತ್ತು ದಿನ ಅಲುಗಾಡದ ಹಾಗೆ ಇಟ್ಟರು. ನೆನಪನ್ನು ಕಟ್ಟುವ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯವನ್ನು ನೋಡಿಕೊಳ್ಳುವ ಅಮಿಗ್ಡಲದಲ್ಲಿ ಅವೇ ಕವಲುಗಳು ಹಬ್ಬಿದ್ದವು. ಒಂದೇ ಒತ್ತಡ, ಎರಡು ಕಡೆ ತದ್ವಿರುದ್ಧ ಫಲ. ಎರಡು ವರ್ಷದ ನಂತರ ಅದೇ ಪ್ರಯೋಗಾಲಯ ಮುಂದಿನ ಪ್ರಶ್ನೆ ಕೇಳಿತು: ಒತ್ತಡ ನಿಂತ ಮೇಲೆ ಏನಾಗುತ್ತದೆ? 21 ದಿನ ನೆಮ್ಮದಿಯಿಂದಿದ್ದ ಇಲಿಗಳಲ್ಲಿ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತ್ತು. ಅಮಿಗ್ಡಲ ಹಬ್ಬಿದಂತೆಯೇ ಇತ್ತು, ಆತಂಕವೂ ಇಳಿದಿರಲಿಲ್ಲ.

ಇಲಿಯಿಂದ ಮನುಷ್ಯನಿಗೆ ಜಿಗಿಯುವುದು ಸರಿಯಲ್ಲ. ಆದರೂ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗಿ ತಿಂಗಳುಗಟ್ಟಲೆ ಆದ ಮೇಲೆ ಬಂಜಾರರ ಊರಾದ ತಾಂಡಾಕ್ಕೆ ಮರಳುವ ತಾಯಿಗೆ ‘ಬಂದಾಯ್ತಲ್ಲ, ಇನ್ನು ಸುಧಾರಿಸಿಕೊಳ್ಳಮ್ಮ’ ಎಂದು ಹೇಳುವ ಮುನ್ನ ಈ ಫಲಿತಾಂಶ ನಮ್ಮನ್ನು ತಡೆಯಬೇಕು. ಬರೀ ವಿಶ್ರಾಂತಿಯಿಂದ ಭಯ ಕರಗುತ್ತದೆಂದು ನಂಬಿ ಕೂರುವ ಹಾಗಿಲ್ಲ.

ಹಾಗಾದರೆ ಯಾವುದರಿಂದ? ಮನೋವಿಜ್ಞಾನಿಗಳಾದ ಸ್ಟೀವನ್ ಮೇಯರ್ ಮತ್ತು ಮಾರ್ಟಿನ್ ಸೆಲಿಗ್ಮನ್ 1967ರಲ್ಲಿ, ತಪ್ಪಿಸಿಕೊಳ್ಳಲಾಗದ ಆಘಾತಕ್ಕೆ ಸಿಕ್ಕ ಪ್ರಾಣಿ ಅಸಹಾಯಕತೆಯನ್ನು ಕಲಿಯುತ್ತದೆ ಎಂದಿದ್ದರು. ಸುಮಾರು ಐವತ್ತು ವರ್ಷಗಳ ಬಳಿಕ, 2016ರಲ್ಲಿ, ಆ ಮಾತನ್ನು ಅವರೇ ತಿರುಗಿಸಿದರು. ದೀರ್ಘ ಸಂಕಟದಲ್ಲಿ ಕೈಚೆಲ್ಲುವುದು ಕಲಿತದ್ದಲ್ಲ, ಮೆದುಳಿನ ಮೂಲ ಪ್ರತಿಕ್ರಿಯೆಯೇ ಅದು. ಕಲಿಯಬೇಕಾದದ್ದು ‘ಇಲ್ಲಿ ನನ್ನ ಕೈಯಲ್ಲೂ ಏನೋ ಇದೆ’ ಎಂಬುದನ್ನು. ಹಿಡಿತವಿದೆ ಎಂದು ಹಣೆಯ ಹಿಂದಿನ ಪ್ರೀಫ್ರಂಟಲ್ ಭಾಗ ಗುರುತಿಸಿದಾಗ, ಮೆದುಳುಕಾಂಡದಲ್ಲಿ ಏಳುವ ಆ ಪ್ರತಿಕ್ರಿಯೆಯನ್ನು ಅದು ಅದುಮುತ್ತದೆ. ತಾಂಡಾದವರಿಗೆ ಅಂಥ ಹಿಡಿತ ಕೊಡುವ ವಾಸದ ನೆಲದ ಹಕ್ಕುಪತ್ರ, ಕೈಗೆ ನೇರ ಸೇರುವ ಕೂಲಿ, ಮಕ್ಕಳನ್ನು ಬಿಟ್ಟುಹೋಗಲು ವಸತಿ ಶಾಲೆ, ಇವನ್ನು ಕಂದಾಯ ಇಲಾಖೆಯ, ಕಾರ್ಮಿಕ ಇಲಾಖೆಯ ವಿಷಯವೆಂದು ನಾವು ಪಕ್ಕಕ್ಕಿಡುತ್ತೇವೆ. ನನ್ನ ದೃಷ್ಟಿಯಲ್ಲಿ ಇವೇ ಮಾನಸಿಕ ಆರೋಗ್ಯದ ವಿಷಯಗಳು.

ಇನ್ನೊಂದು ಮಾತು, ಜೊತೆಯ ಬಗ್ಗೆ. ಮನೋವಿಜ್ಞಾನಿ ಜೇಮ್ಸ್ ಕೋನ್ 2006ರಲ್ಲಿ 16 ವಿವಾಹಿತ ಮಹಿಳೆಯರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ವಿದ್ಯುತ್ ಆಘಾತ ಬರಬಹುದೆಂದು ಸೂಚನೆ ಕೊಟ್ಟರು. ಗಂಡನ ಕೈ ಹಿಡಿದಾಗ ಅಪಾಯಕ್ಕೆ ಮೆದುಳು ಮಿಡಿಯುವುದು ತಗ್ಗಿತು. ದಾಂಪತ್ಯ ಚೆನ್ನಾಗಿದ್ದವರಲ್ಲಿ ಹೆಚ್ಚು ತಗ್ಗಿತು. ತಾಂಡಾದ ಮದುವೆಯಲ್ಲಿ ತವರು ಬಿಡುವ ಹುಡುಗಿ ಒಬ್ಬೊಬ್ಬರನ್ನೇ ತಬ್ಬಿ ಢಾವಲೊ ಎಂಬ ಅಗಲಿಕೆಯ ಹಾಡು ಹಾಡಿ ಅಳುತ್ತಾಳೆ. ಅಗಲಿಕೆಯನ್ನು ಮುಚ್ಚಿಡದೆ, ಒಂಟಿಯಾಗಿಯೂ ಬಿಡದೆ, ಎಲ್ಲರ ನಡುವೆ ಅಳಲು ಅಲ್ಲಿ ಅವಕಾಶವಿದೆ. ಅದು ದೇಹದಲ್ಲಿ ಏನು ಮಾಡುತ್ತದೆ ಎಂಬುದು ಇಲ್ಲಿ ಕೂತಿರುವ ಯಾರಾದರೂ ಕೈಗೆತ್ತಿಕೊಳ್ಳಬೇಕಾದ ಸಂಶೋಧನೆ.

ಮಕ್ಕಳ ವಿಷಯದಲ್ಲಂತೂ ಸಾಕ್ಷ್ಯ ಗಟ್ಟಿಯಿದೆ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ದಶಕಗಳ ಕಾಲ ಗಮನಿಸಿದರು. ಬಡತನ, ಒಡೆದ ಮನೆಗಳ ನಡುವೆ ಬೆಳೆದ ಮಕ್ಕಳಲ್ಲೂ ಮೂರನೇ ಒಂದರಷ್ಟು ಮಂದಿ ಚೆನ್ನಾಗಿ ಬಾಳಿದರು. ತಾಯಿತಂದೆಯರೇ ಆಗಬೇಕೆಂದಿರಲಿಲ್ಲ, ನೆಚ್ಚಬಹುದಾದ ಒಬ್ಬ ಹಿರಿಯರಾದರೂ ಅವರಿಗೆ ಸಿಕ್ಕಿದ್ದರು. ಗುಳೆಯ ಕಾಲದಲ್ಲಿ ತಾಂಡಾದಲ್ಲಿ ಉಳಿದು ಮೊಮ್ಮಕ್ಕಳನ್ನು ಸಾಕುವ ಅಜ್ಜಿಗೆ ನಮ್ಮ ಯೋಜನೆಗಳಲ್ಲಿ ಏನು ಜಾಗವಿದೆ? ಉಳಿದ ಮೂರನೇ ಎರಡು ಪಾಲು ಮಕ್ಕಳನ್ನೂ ಮರೆಯಬೇಡಿ. ಗೆದ್ದವರನ್ನಷ್ಟೇ ತೋರಿಸಿ, ಸೋತವರ ಮನಸ್ಸು ದುರ್ಬಲ ಎನ್ನುವುದು ಅನ್ಯಾಯ.

ಇದನ್ನೆಲ್ಲ ತಾಂಡಾಕ್ಕೆ ಒಯ್ಯುವ ದಾರಿ ಹೊಸದೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಕನ್ನಡ ನಾಡು ಆಗಲೇ ಹಾಕಿಕೊಟ್ಟ ಆ ದಾರಿ ತಾಂಡಾದವರೆಗೂ, ಬಂಜಾರರ ಭಾಷೆಯಾದ ಗೋರ್ ಬೋಲಿಯಲ್ಲಿಯೂ ಹೋಗಬೇಕು. ಈ ಎರಡು ದಿನದ ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವ ಪ್ರತಿಯೊಬ್ಬರಲ್ಲೂ ನನ್ನ ವಿನಂತಿ: ನಿಮ್ಮ ಪ್ರಶ್ನಾವಳಿಯನ್ನು ಮೊದಲು ಇಲ್ಲಿನ ತಾಯಂದಿರ ಮುಂದೆ ಅವರ ಮಾತಿನಲ್ಲೇ ಓದಿ, ಅವರು ತಿದ್ದಿದಂತೆ ತಿದ್ದಿಕೊಂಡು ಆಮೇಲೆ ಅಳತೆಗೆ ಹೊರಡಿ.